ಜಗಳೂರಿನ ಗುಂಗುರಿಗೆ ಅರಿಶಿನ ಹಚ್ಚಿದ್ದು

"ಇದು ನಾನು ಮಾಡಿದ್ದು" ಎಂಬ ಒಂದು ಮಾತನ್ನು ನಾನು ಅವತ್ತು ಹೊನ್ನಾಳಿಯ ಪ್ರವಾಸಿ ಬಂಗಲೆಯ ಜಗುಲಿಯಲ್ಲಿ ಆಡಬೇಕಿತ್ತು. ಆಡಲಿಲ್ಲ. ಬಾಯಿ ಇರಲಿಲ್ಲವೆಂದಲ್ಲ. ನನ್ನ ಬಾಯಿಯ ಬಗ್ಗೆ ನಮ್ಮ ಅತ್ತೆಯನ್ನು ಕೇಳಿದ್ದರೆ ಒಂದು ಪುರಾಣವನ್ನೇ ಹೇಳುತ್ತಿದ್ದರು. ಹುಣಿಸೆಹಣ್ಣಿನಲ್ಲಿ ಬೀಜ ಜಾಸ್ತಿ ಬಂತೆಂದು ಅಂಗಡಿಯವನನ್ನು ಬೀದಿಗೆ ಎಳೆದ ಹೆಂಗಸು ನಾನು. ಅಂಥವಳು, ನನ್ನ ಒಡಹುಟ್ಟಿದ ಅಣ್ಣ ಊರಿನವರ ಮುಂದೆ ಕಳ್ಳನಾಗಿ ನಿಂತಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಂಬದ ಮರೆಗೆ ಸರಿದೆ. ಅದೂ ಯಾವುದರ ದೆಸೆಯಿಂದ? ಎಳ್ಳಿನ ಕಾಳಿಗಿಂತ ಒಂದಿಷ್ಟು ದಪ್ಪ ಇರಬಹುದಾದ ಒಂದು ನೊಣದ ದೆಸೆಯಿಂದ.

ನಮ್ಮದು ಬೆಲ್ಲದ ವ್ಯಾಪಾರ. ಗೋವಿನಕೋವಿ ಕಡೆಯ ಆಲೆಮನೆಗಳಿಂದ ಬೆಲ್ಲ ತಂದು ಸಂತೆ ಸಂತೆಗೆ ಹೊಡೆಯುತ್ತಿದ್ದೆವು. ಹೊನ್ನಾಳಿಯಲ್ಲಿ ಅಂಗಡಿ, ಉಳಿದಂತೆ ನ್ಯಾಮತಿ, ಚನ್ನಗಿರಿ, ದೂರದ ಜಗಳೂರು. ಅಪ್ಪ ತಕ್ಕಡಿ ಹಿಡಿಯುತ್ತಿದ್ದ, ಅಣ್ಣ ಗಾಡಿಯ ಹಿಂದೆ ಹೋಗುತ್ತಿದ್ದ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ಬೆಲ್ಲದ ಅಚ್ಚಿಗೆ ಅಂಟಿದ ಗರಿ ಬಿಡಿಸುತ್ತಾ, ಅಂಗಡಿಯ ಮೂಲೆಯಲ್ಲಿ ಬೆಳೆದೆ. ಬೆಲ್ಲ ಇದ್ದಲ್ಲಿ ನೊಣ ಇರಲೇಬೇಕು. ಮನೆಯಲ್ಲಿ ಓಡಾಡುವ ದೊಡ್ಡ ನೊಣದ ಮಾತಲ್ಲ ಇದು. ಮಾಗಿದ ಬಾಳೆಹಣ್ಣಿನ ಸುತ್ತ, ಜೋನಿಬೆಲ್ಲದ ಮಡಕೆಯ ಬಾಯಿಯ ಸುತ್ತ, ಹೊಗೆಯ ಹಾಗೆ ಏಳುವ ಪುಟ್ಟ ನೊಣ. ಕೆಂಪು ಕಣ್ಣಿನದು. ನಾವು ಗುಂಗುರು ಎನ್ನುತ್ತೇವೆ. ಕೈ ಬೀಸಿದರೆ ಹೋಗುತ್ತದೆ, ಕೈ ಇಳಿಸುವುದರೊಳಗೆ ಬರುತ್ತದೆ. ಜಗತ್ತಿನಲ್ಲಿ ಎಲ್ಲರೂ ಅದನ್ನು ಓಡಿಸುತ್ತಾರೆ. ಓಡಿಸದೆ ನೋಡುತ್ತಾ ಕೂತವನು ನಮ್ಮ ಅಣ್ಣ ಒಬ್ಬನೇ.

ಅವನಿಗೆ ಅದು ಯಾವಾಗ ಹತ್ತಿತೋ ಗೊತ್ತಿಲ್ಲ. ಒಂದು ದಿನ ಸಂತೆಯಿಂದ ಬಂದವನು ಅಪ್ಪನ ಒಗೆದ ಪಂಚೆಯನ್ನು ಜಗುಲಿಯ ಮೇಲೆ ಹಾಸಿ, ರುಮಾಲಿನ ಗಂಟು ಬಿಚ್ಚಿ, ಸತ್ತ ಗುಂಗುರುಗಳನ್ನು ಸಾಲಾಗಿ ಜೋಡಿಸಿದ. ಒಂದು ಸಾಲು ನ್ಯಾಮತಿಯದು, ಒಂದು ಸಾಲು ಜಗಳೂರಿನದು.

"ನೋಡು ತಂಗಿ, ಒಂದೇ ಜಾತಿ, ಒಂದೇ ಗಾತ್ರ. ಬಣ್ಣ ನೋಡು."

ನೋಡಿದೆ. ನ್ಯಾಮತಿಯವು ಕಪ್ಪು, ಜಗಳೂರಿನವು ತಿಳಿ. ನಿಜವಾಗಿಯೂ ಹಾಗೇ ಇದ್ದವು. ಅಷ್ಟರಲ್ಲಿ ಅಪ್ಪ ಬಂದ. ಬಣ್ಣ ನೋಡಲಿಲ್ಲ, ಪಂಚೆ ನೋಡಿದ.

"ಲೇ, ಬೆಲ್ಲ ಮಾರೋನು ನೊಣ ಹೊಡೀಬೇಕು ಕಣೋ, ಸಾಕಬಾರ್ದು!"

ಅಣ್ಣನಿಗೆ ಒಂದು ತೊಂದರೆ ಇತ್ತು. ಬಣ್ಣ ಕಂಡಿತು ಸರಿ, ಅದನ್ನು ಹೇಳುವುದಕ್ಕೆ ಮಾತು ಬೇಕಲ್ಲ? ಕಪ್ಪು, ಬಿಳಿ ಎಂದರೆ ಸಾಲದು, ನಡುವೆ ಎಷ್ಟೋ ಇವೆ. ಕೊನೆಗೆ ನಮ್ಮ ಕಡೆ ಹೆಣ್ಣು ನೋಡಲು ಹೋದವರು ಬಳಸುವ ಮಾತುಗಳನ್ನೇ ಅವನು ಎತ್ತಿಕೊಂಡ. ಹುಡುಗಿ ಬೆಳ್ಳಗಿದ್ದರೆ ನಾವು 'ಕೆಂಪಗಿದಾಳೆ' ಎನ್ನುತ್ತೇವೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿದ್ದರೆ 'ಎಣ್ಣೆಗೆಂಪು'. ಹೇಳಲು ಸ್ವಲ್ಪ ಸಂಕೋಚವಾದರೆ 'ಸಾದಗಪ್ಪು'. ಸಂಕೋಚವೂ ಕೈಕೊಟ್ಟರೆ 'ಲಕ್ಷಣವಾಗಿದಾಳೆ'. ಅಣ್ಣನ ಲೆಕ್ಕದಲ್ಲಿ ಜಗಳೂರು, ಬಿಳಿಚೋಡಿನ ಗುಂಗುರು ಎಣ್ಣೆಗೆಂಪು, ಹೊನ್ನಾಳಿಯದು ಸಾದಗಪ್ಪು, ನ್ಯಾಮತಿಯದು ಕಪ್ಪು, ಸವಳಂಗದಾಚೆ ಕಾಡಂಚಿನದು ಕಾಡಿಗೆ. ಚನ್ನಗಿರಿಯ ಗುಂಗುರು ಮಾತ್ರ ಅವನಿಗೆ ಬಗ್ಗಲಿಲ್ಲ. ತೋಟದ ಒಳಗೆ ಹಿಡಿದರೆ ಒಂದು ಬಣ್ಣ, ಸಂತೆಮಾಳದಲ್ಲಿ ಹಿಡಿದರೆ ಇನ್ನೊಂದು. "ಲಕ್ಷಣವಾಗಿದೆ" ಎಂದು ಬಿಟ್ಟುಬಿಟ್ಟ.

ಈ ಮಾತುಗಳಿಂದ ಅವನು ತಿಂದ ಪೆಟ್ಟು ಒಂದೆರಡಲ್ಲ. ಒಮ್ಮೆ ಬಿಳಿಚೋಡಿನಲ್ಲಿ ಕುರಿ ಕಾಯುವ ಮುದುಕನೊಬ್ಬನ ಮನೆಯ ಮುಂದೆ ಗಾಡಿ ನಿಲ್ಲಿಸಿ, ನೀರು ಕುಡಿದು, "ಅಜ್ಜಾರೆ, ನಿಮ್ಮನ್ಯಾಗೆ ಕೆಂಪಗಿರೋವು ಅದಾವಂತಲ್ಲ, ಒಂದೀಟು ನೋಡಾಕೆ ಬಿಡ್ತೀರಾ?" ಎಂದು ಕೇಳಿದನಂತೆ. ಮುದುಕನಿಗೆ ಮದುವೆಯ ವಯಸ್ಸಿಗೆ ಬಂದ ಇಬ್ಬರು ಮೊಮ್ಮಗಳಂದಿರು. ಅವನು ಸಂತೋಷದಿಂದ ಒಳಗೆ ಕರೆದು, ಕಂಬಳಿ ಹಾಸಿ, ಹಾಲು ಕೊಟ್ಟು, "ಕುಲ ಯಾವುದಪ್ಪಾ?" ಎಂದ. ಅಣ್ಣ, "ಹಣ್ಣಿನ ಮೇಲೆ ಕುಂತ್ಕಂತಾವಲ್ಲ, ಅದೇ ಕುಲ" ಎಂದ. ಮುಂದೆ ಏನಾಯಿತೆಂದು ಅವನು ಯಾವತ್ತೂ ಪೂರ್ತಿ ಹೇಳಲಿಲ್ಲ. ಕುರಿ ಕಾಯುವ ನಾಯಿ ಎಷ್ಟು ದೂರ ಓಡಬಲ್ಲದು ಎಂಬುದನ್ನಷ್ಟೇ ಹೇಳಿದ.

ಸಂತೆಯ ಹೆಂಗಸರು ಅವನನ್ನು ಬಿಡುತ್ತಿರಲಿಲ್ಲ. ನ್ಯಾಮತಿಯಲ್ಲಿ ನಮ್ಮ ಪಕ್ಕ ಮೆಣಸಿನಕಾಯಿ ಹಾಕಿಕೊಂಡು ಕೂರುತ್ತಿದ್ದ ಒಬ್ಬಾಕೆ ಕೇಳಿದ್ದಳು:

"ಅಲ್ಲಪ್ಪಾ ನೊಣದಣ್ಣ, ಬಿಸಿಲಿಗೆ ನಾವೆಲ್ಲಾ ಇದ್ದಿಲಾಗೀವಿ. ಜಗಳೂರು ಬಿಸಿಲಿಗೆ ನಿನ್ನ ನೊಣ ಹೆಂಗೆ ಕೆಂಪಗಾತು?"

"ಅದು ನೆರಳಾಗೆ ಮಡಕೆ ಸಂದಿಗೆ ಕುಂತಿರ್ತದೆ ಕಣಕ್ಕ. ನಿನ್ನಂಗೆ ಬಾಯಿ ಬಡ್ಕಂಡು ಊರೂರು ತಿರುಗಲ್ಲ."

"ಹಂಗಾರೆ ನಿನ್ನ ತಂಗೀನೂ ಮಡಕೆ ಸಂದಿಗೆ ಕುಂದ್ರಿಸು. ಕೆಂಪಗಾದ್ರೆ ಗಂಡು ಸಿಕ್ಕಾನು!"

ಆ ಮಾತು ನನಗೆ ಚುಚ್ಚಬೇಕಿತ್ತು, ಚುಚ್ಚಿತು ಕೂಡ. ಏಕೆಂದರೆ ನಾನು ಅಣ್ಣನ ಲೆಕ್ಕದಲ್ಲೇ ಹೇಳುವುದಾದರೆ ನ್ಯಾಮತಿಗೂ ಸವಳಂಗಕ್ಕೂ ನಡುವೆ. ಜಗಳೂರಿನಿಂದ ನನ್ನನ್ನು ನೋಡಲು ಬಂದಾಗ ಅಮ್ಮ ಹಿಂದಿನ ದಿನದಿಂದಲೇ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಕಲಸಿ ತಿಕ್ಕಿದ್ದಳು. ದೀಪದ ಬೆಳಕಿನಲ್ಲಿ ನಾನು ತಟ್ಟೆಯ ಹಿಂದೆ ಹೊಳೆಯುತ್ತಿದ್ದೆ. ಗಂಡಿನ ತಾಯಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಗ ಅಣ್ಣ ಬಾಗಿಲಿನಿಂದ ಗಟ್ಟಿಯಾಗಿ, "ಎಣ್ಣೆಗೆಂಪು ಕಣ್ರಿ. ನಾನು ಬಣ್ಣ ನೋಡಾದ್ರಾಗೆ ಪಳಗಿದೋನು" ಎಂದ. ಅದೊಂದೇ ಸಲ ಅವನು ಬಣ್ಣದ ವಿಷಯದಲ್ಲಿ ಸುಳ್ಳು ಹೇಳಿದ್ದು. ಮದುವೆಯಾಗಿ ಮೂರು ಎಣ್ಣೆಸ್ನಾನ ಕಳೆಯುವುದರೊಳಗೆ ನನ್ನ ಅತ್ತೆಗೆ ಸತ್ಯ ತಿಳಿಯಿತು. ಜಗಳೂರು ಎಂಬ ಹೆಸರಿನ ಮೊದಲ ಮೂರಕ್ಷರದ ಅರ್ಥ ನನಗೆ ತಿಳಿಯಿತು.

ಎರಡನೇ ಮಹಾಯುದ್ಧ ಶುರುವಾದ ಮೇಲಿನ ಮಾತು ಮುಂದಿನದು. ಆ ವರ್ಷ ದೀಪಾವಳಿಗೆ ಮುಂಚೆ, ನಾನು ಹಬ್ಬಕ್ಕೆಂದು ತವರಿಗೆ ಬಂದಿದ್ದಾಗ, ಮೈಸೂರು ಕಡೆಯ ಕಾಲೇಜಿನ ಮಾಸ್ತರೊಬ್ಬರು ಪೈರಿಗೆ ಬೀಳುವ ಹುಳು ನೋಡುತ್ತಾ ಹೊನ್ನಾಳಿಗೆ ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದರು. ಅವರಿಗೆ ಬೆಲ್ಲದ ಕಾಫಿ ಬೇಕಾಯಿತು, ಬೆಲ್ಲ ಕೊಡಲು ಅಣ್ಣ ಹೋದ, ಹೋದವನು ಕತ್ತಲಾಗುವವರೆಗೆ ಬರಲಿಲ್ಲ. ಬಂದಾಗ ಅವನ ಮುಖ ಹೊಸ ಅಳಿಯನದಾಗಿತ್ತು.

ಮಾಸ್ತರು ಅವನ ಮಾತನ್ನು ಕೇಳಿದ್ದರು. ನಕ್ಕಿರಲಿಲ್ಲ. ಅಷ್ಟೇ ಅಲ್ಲ, ಊರೂರು ಸುತ್ತಿ ಹುಳು ಹಿಡಿದು ತರಲು ಅವರಿಗೆ ಒಬ್ಬ ಮನುಷ್ಯ ಬೇಕಾಗಿತ್ತು. "ಮಾಗಿಯಲ್ಲಿ ಮತ್ತೆ ಬರುತ್ತೇನೆ. ನೀವು ಬೆಲ್ಲ ಮಾರುವ ನಾಲ್ಕೂ ಊರಿನ ನೊಣ, ಮಾಗಿಯ ಒಂದೇ ವಾರದಲ್ಲಿ ಹಿಡಿದದ್ದು, ಬೇರೆ ಬೇರೆ ಶೀಷೆಯಲ್ಲಿ ಹಾಕಿ ತೋರಿಸು. ನೀನು ಸರಿಯಾಗಿ ಹಿಡಿಯಬಲ್ಲೆ ಅಂತ ಕಂಡರೆ ಜೊತೆಯಲ್ಲೇ ಕರಕೊಂಡು ಹೋಗುತ್ತೇನೆ" ಎಂದಿದ್ದರು.

ಅಣ್ಣನಿಗೆ ಬೆಲ್ಲದ ವ್ಯಾಪಾರ ಬೇಡವಾಗಿತ್ತು. ಅವನು ಅದನ್ನು ಅಪ್ಪನಿಗೆ ಹೇಳಿರಲಿಲ್ಲ, ನನಗೆ ಹೇಳಿದ್ದ. ತಕ್ಕಡಿ ಹಿಡಿದರೆ ಅವನ ಕಣ್ಣು ಮುಳ್ಳಿನ ಮೇಲೆ ನಿಲ್ಲುತ್ತಿರಲಿಲ್ಲ, ಬೆಲ್ಲದ ಮೇಲೆ ಕೂತ ಗುಂಗುರಿನ ಮೇಲೆ ನಿಲ್ಲುತ್ತಿತ್ತು. ಬಲೆ ಹಿಡಿದು ಊರೂರು ತಿರುಗುವ ಕೆಲಸವೊಂದು ಲೋಕದಲ್ಲಿ ಇದೆ, ಅದಕ್ಕೆ ಊಟವನ್ನೂ ಹಾಕುತ್ತಾರೆ ಎಂದು ತಿಳಿದ ದಿನದಿಂದ ಅವನು ನೆಲದ ಮೇಲೆ ನಡೆಯಲಿಲ್ಲ.

ಮೂರು ಊರಿನದು ಅವನೇ ಹಿಡಿಯುವುದು, ಜಗಳೂರಿನದು ನಾನು ಹಿಡಿಯುವುದು ಎಂದು ತೀರ್ಮಾನವಾಯಿತು. ನಾನು ಜಗಳೂರಿಗೆ ಮರಳಿದ ಮೇಲೆ ಶೀಷೆಯನ್ನು ಬಸ್ಸಿನವನ ಕೈಯಲ್ಲಿ ಕಳಿಸಿದ. ಯಾವುದೋ ಕೆಮ್ಮಿನ ಔಷಧಿಯ ಶೀಷೆ. ಒಳಗೆ ಬಾಳೆಹಣ್ಣು, ಬೆಲ್ಲ ಹಾಕಿ ಬಾಯಿಗೆ ಕಾಗದದ ಆಲಿಕೆ ಇಡಬೇಕು. ನೊಣ ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿ ಅದಕ್ಕೆ ಹೊಳೆಯುವುದಿಲ್ಲ. ಆಮೇಲೆ ಕರ್ಪೂರದ ಚೂರು ಹಾಕಿ ಬಿರಡೆ ಬಿಗಿಯಬೇಕು.

ಅತ್ತೆ ಅದನ್ನು ನೋಡಿದ ದಿನ ಹೇಳಿದ ಮಾತು ನನಗೆ ಇನ್ನೂ ಬಾಯಿಪಾಠ:

"ತವರಿನಿಂದ ಸೀರೆ ತಂದ ಸೊಸೇರನ್ನ ನೋಡೀನಿ, ಎಮ್ಮೆ ತಂದ ಸೊಸೇರನ್ನ ನೋಡೀನಿ. ತವರಿಗೆ ನೊಣ ಕಳಸ್ತೀನಿ ಅನ್ನೋ ಸೊಸೇನ ನೋಡಿರ್ಲಿಲ್ಲ ಕಣೇ ಹೊನ್ನಾಳಿ."

ನಮ್ಮ ಮನೆಯಲ್ಲಿ ಸೊಸೆಯರನ್ನು ತವರೂರಿನ ಹೆಸರಿನಿಂದಲೇ ಕರೆಯುವುದು. ನಾನು ಹೊನ್ನಾಳಿ.

"ನಮ್ಮಣ್ಣನಿಗೆ ಕೆಲಸ ಸಿಗ್ತೈತೆ ಅತ್ತೆ."

"ನೊಣ ಹೊಡೆಯೋ ಕೆಲಸಾನಾ? ಅದಕ್ಕೆ ಯಾಕೆ ಅಷ್ಟು ದೂರ ಹೋಗ್ಬೇಕು? ನಿನ್ನ ಗಂಡ ಅಂಗಡ್ಯಾಗೆ ಇಷ್ಟು ವರ್ಷದಿಂದ ಅದನ್ನೇ ಮಾಡ್ತಾನೆ."

ಹೇಗೋ ಹಿತ್ತಲಿನ ಕಟ್ಟಿಗೆ ರಾಶಿಯ ಹಿಂದೆ ಶೀಷೆ ಇಟ್ಟೆ. ಆ ವರ್ಷ ಮಾಗಿಯ ಚಳಿ ಎಂಥದೆಂದರೆ ಬೆಳಿಗ್ಗೆ ಕುರಿಗಳ ಬಾಯಿಂದ ಹೊಗೆ ಬರುತ್ತಿತ್ತು. ಗುಂಗುರು ಬಂದವು, ಶೀಷೆ ತುಂಬಿತು, ಕರ್ಪೂರ ಹಾಕಿದೆ. ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿದೆ. ಒಂದೂ ಎಣ್ಣೆಗೆಂಪು ಇರಲಿಲ್ಲ. ಎಲ್ಲ ಕಪ್ಪು. ಅಣ್ಣ ಪಂಚೆಯ ಮೇಲೆ ಸಾಲಿಟ್ಟಿದ್ದ ನ್ಯಾಮತಿಯ ಗುಂಗುರಿಗೆ ಅವಳಿಜವಳಿ.

ಅತ್ತೆ ಹಿಂದೆ ನಿಂತು ಇಣುಕಿದರು.

"ನಮ್ಮೂರ ನೊಣ ಕೆಂಪಗಿರ್ತಾವೆ ಅಂತಿದ್ದ ನಿಮ್ಮಣ್ಣ?"

"ಹೂಂ."

"ನಿನ್ನೂ ಎಣ್ಣೆಗೆಂಪು ಅಂದಿದ್ದ."

ಈಗ ಯೋಚಿಸಿದರೆ ಎಲ್ಲ ಸರಿಯಾಗಿ ಕಾಣುತ್ತದೆ. ನಮ್ಮ ಬೆಲ್ಲದ ಗಾಡಿ ಜಗಳೂರಿಗೆ ಹೋಗುತ್ತಿದ್ದದ್ದು ಬೇಸಿಗೆಯಲ್ಲಿ ಮಾತ್ರ. ಅಣ್ಣ ನೋಡಿದ್ದೆಲ್ಲ ಬೇಸಿಗೆಯ ಗುಂಗುರು. ಚಳಿಯಲ್ಲಿ ಹುಟ್ಟಿದವು ಬೇರೆ ಬಣ್ಣ ಇರಬಹುದೆಂದು ಅವನಿಗೂ ಹೊಳೆದಿರಲಿಲ್ಲ, ನನಗೆ ಹೊಳೆಯುವ ಮಾತೇ ಇಲ್ಲ. ನನಗೆ ಕಂಡದ್ದು ಇಷ್ಟೇ: ಈ ಕರಿ ನೊಣಗಳು ಹೊನ್ನಾಳಿಗೆ ಹೋದರೆ ಅಣ್ಣ ಸುಳ್ಳನಾಗುತ್ತಾನೆ, ಮಾಸ್ತರು ಅವನನ್ನು ಬಿಟ್ಟು ಹೋಗುತ್ತಾರೆ, ಅವನು ಸಾಯುವವರೆಗೆ ತಕ್ಕಡಿ ಹಿಡಿಯುತ್ತಾನೆ.

ಅತ್ತೆ ಊಟ ಮಾಡಿ ಮಲಗಿದ ಮಧ್ಯಾಹ್ನ ನಾನು ಅಡಿಗೆಮನೆಯ ಬಾಗಿಲು ಮುಂದೆ ಮಾಡಿ ಕೂತೆ. ಕಪ್ಪಗಿದ್ದದ್ದನ್ನು ಎಣ್ಣೆಗೆಂಪು ಮಾಡುವ ವಿದ್ಯೆ ನನಗೆ ಒಂದೇ ಗೊತ್ತಿದ್ದದ್ದು. ಅದು ನನ್ನ ಮೈಮೇಲೆಯೇ ನಡೆದ ವಿದ್ಯೆ. ಮೊದಲು ಬರೀ ಅರಿಶಿನ ಹಾಕಿ ಶೀಷೆ ಅಲ್ಲಾಡಿಸಿದೆ. ಬಹಳವಾಯಿತು. ಹಳದಿ ಮೈ, ಕೆಂಪು ಕಣ್ಣು, ಒಂದೊಂದು ಗುಂಗುರೂ ಅರಿಶಿನ ಕುಂಕುಮ ಇಟ್ಟುಕೊಂಡು ಬಾಗಿನಕ್ಕೆ ಹೊರಟ ಮುತ್ತೈದೆಯಂತೆ ಕಂಡಿತು. ಊದಿದೆ. ಅರ್ಧ ಮುತ್ತೈದೆಯರು ಒಲೆಗೆ ಹಾರಿದರು. ಉಳಿದವಕ್ಕೆ ಬಣ್ಣ ತಗ್ಗಲೆಂದು ಒಂದು ಚಿಟಿಕೆ ಕಡಲೆಹಿಟ್ಟು, ಒಂದು ಚಿಟಿಕೆ ಗೋಧಿಹಿಟ್ಟು ಹಾಕಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದೆ. ಈಗ ಹದಕ್ಕೆ ಬಂತು. ದೂರದಿಂದ ನೋಡಿದರೆ ಎಣ್ಣೆಗೆಂಪು. ಹತ್ತಿರದಿಂದ ನೋಡಿದರೆ ಹುರಿಯುವ ಮೊದಲಿನ ಬಜ್ಜಿ. ಆದರೆ ನೊಣವನ್ನು ಹತ್ತಿರದಿಂದ ಯಾರು ನೋಡುತ್ತಾರೆ ಎಂದುಕೊಂಡೆ. ಭೂತಗನ್ನಡಿ ಎಂಬ ವಸ್ತುವನ್ನು ನಾನು ಆವರೆಗೆ ಕಂಡಿರಲಿಲ್ಲ.

ಸಂಕ್ರಾಂತಿಗೆ ಕರೆದುಕೊಂಡು ಹೋಗಲು ಅಣ್ಣನೇ ಬಂದ. ಶೀಷೆಯನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಕಣ್ಣು ತುಂಬಿತು.

"ನಾನು ಹೇಳಿರ್ಲಿಲ್ವಾ! ನಾನು ನೋಡಿದ್ದಕ್ಕಿಂತ ಕೆಂಪಗದಾವೆ!"

ಆಗ ಹೇಳಬಹುದಿತ್ತು. ಮಗುವಿನ ಹಾಗೆ ಕುಣಿಯುತ್ತಿದ್ದವನಿಗೆ ಹೇಳಲು ಮನಸ್ಸು ಬರಲಿಲ್ಲ. ಬಸ್ಸಿನಲ್ಲಿ ಹೇಳೋಣ ಎಂದುಕೊಂಡೆ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದ ಕಾಲ. ಬಿಳಿಚೋಡಿನ ಹತ್ತಿರ ಒಂದು ಸಣ್ಣ ದಿಣ್ಣೆಗೆ ಬಸ್ಸು ನಿಂತಿತು, ಗಂಡಸರೆಲ್ಲ ಇಳಿದು ತಳ್ಳಬೇಕಾಯಿತು. ಅಣ್ಣ ಶೀಷೆಯನ್ನು ಎದೆಗೆ ಅಪ್ಪಿಕೊಂಡು ಒಂದೇ ಕೈಯಲ್ಲಿ ತಳ್ಳಿದ. ಕಂಡಕ್ಟರನಿಗೆ ಸಿಟ್ಟು ಬಂತು.

"ಏನ್ರೀ ಅದು, ತುಪ್ಪಾನಾ? ಕೆಳಗಿಟ್ಟು ಎರಡೂ ಕೈ ಹಾಕ್ರಿ."

"ನೊಣ ಕಣ್ರಿ. ಜಗಳೂರು ನೊಣ."

ಕಂಡಕ್ಟರ್ ಶೀಷೆಯನ್ನು ನೋಡಿದ, ಅಣ್ಣನನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಎಷ್ಟು ದಿನದಿಂದ ಹಿಂಗೆ ಐತವ್ವಾ ಇವರಿಗೆ?" ಎಂದು ಕೇಳಿದ. ದಾವಣಗೆರೆಯವರೆಗೂ ಉಳಿದ ಪ್ರಯಾಣಿಕರು ನಮಗೆ ಆರಾಮಾಗಿ ಜಾಗ ಬಿಟ್ಟಿದ್ದರು. ಅಷ್ಟು ಜಾಗ, ಅಷ್ಟು ಹೊತ್ತು. ಹೇಳಲಿಲ್ಲ.

ಬಂಗಲೆಗೆ ಹೋಗುವ ದಿನ ಅಣ್ಣ ನನ್ನನ್ನೂ ಹೊರಡಿಸಿದ. "ಜಗಳೂರಿಗೆ ನೀನೇ ಸಾಕ್ಷಿ" ಎಂದ. ಊರಿನ ಅರ್ಧ ಜನ ಆಗಲೇ ಅಂಗಳದಲ್ಲಿದ್ದರು. ನೊಣದಣ್ಣನಿಗೆ ಮೈಸೂರಿನ ಕೆಲಸ ಸಿಗುವುದನ್ನು ನೋಡಲು ಬಂದವರು ಕೆಲವರು, ಸಿಗದಿರುವುದನ್ನು ನೋಡಲು ಬಂದವರು ಬಹಳ. ಅಪ್ಪ ಬಂದಿರಲಿಲ್ಲ. ಬೆಲ್ಲದ ಅಂಗಡಿ ಬಿಟ್ಟು ನೊಣದ ಅಂಗಡಿ ನೋಡಲು ತನಗೆ ಪುರುಸೊತ್ತಿಲ್ಲ ಎಂದಿದ್ದ.

ಮಾಸ್ತರು ಮೇಜಿನ ಮೇಲೆ ಬಿಳಿ ಕಾಗದ ಹಾಸಿ ನಾಲ್ಕು ಗುಡ್ಡೆ ಮಾಡಿದರು. ಭೂತಗನ್ನಡಿ ತೆಗೆದಾಗ ನಾನು ಕಂಬದ ಕಡೆ ಸರಿದೆ. ನ್ಯಾಮತಿಯದು ನೋಡಿದರು, ತಲೆದೂಗಿದರು. ಚನ್ನಗಿರಿಯದು, ಹೊನ್ನಾಳಿಯದು ನೋಡಿದರು. "ಇವು ಮೂರಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲವಲ್ಲಪ್ಪ, ಎಲ್ಲ ಕಪ್ಪೇ" ಎಂದರು.

"ಜಗಳೂರಿಂದು ನೋಡ್ರಿ ಸ್ವಾಮಿ" ಎಂದ ಅಣ್ಣ. "ಅದು ಕೆಂಪು."

"ಕೆಂಪು ಅಂದರೆ ಕಣ್ಣು ತಾನೆ? ಕಣ್ಣು ಎಲ್ಲದರದೂ ಕೆಂಪೇ."

"ಕಣ್ಣಲ್ಲ ಸ್ವಾಮಿ, ಮೈ. ಕೆಂಪು ಅಂದ್ರೆ ಬೆಳ್ಳಗೆ."

"ಕೆಂಪು ಅಂದರೆ ಬೆಳ್ಳಗೆಯೇ?" ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು ನಾಲ್ಕನೆಯ ಗುಡ್ಡೆಗೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಮೂಗು ಹತ್ತಿರ ತಂದರು. ಆಮೇಲೆ ಒಂದು ಸೀನು ಸೀನಿದರು. ಹೊನ್ನಾಳಿ, ಚನ್ನಗಿರಿ, ನ್ಯಾಮತಿ ಮೂರೂ ಒಂದರೊಳಗೊಂದು ಬೆರೆತುಹೋದವು.

"ಇದು ಸಾರಿನ ವಾಸನೆ" ಎಂದರು.

ಒಂದು ಗಾಜಿನ ಬಟ್ಟಲಿಗೆ ಸ್ಪಿರಿಟ್ಟು ಸುರಿದು, ಜಗಳೂರಿನ ಒಂದು ಗುಂಗುರನ್ನು ಎತ್ತಿ ಅದರಲ್ಲಿ ಬಿಟ್ಟರು. ಸ್ಪಿರಿಟ್ಟು ಹಳದಿಯಾಯಿತು. ಗುಂಗುರು ಎಣ್ಣೆಸ್ನಾನ ಮುಗಿಸಿ ಎದ್ದಂತೆ ಕರ್ರಗೆ ಮೇಲೆ ಬಂದು ತೇಲಿತು. ಅಂಗಳದಿಂದ ಯಾರೋ, "ಅರಿಶಿಣದ ಶಾಸ್ತ್ರ ಆಗೈತೆ ಕಣ್ರಪ್ಪೋ! ಮದುವಿ ಎಂದು?" ಎಂದು ಕೂಗಿದರು. ಹೊನ್ನಾಳಿ ನಕ್ಕಿತು. ಹೊಳೆಯಾಚೆಯವರಿಗೂ ಕೇಳುವಂತೆ ನಕ್ಕಿತು.

"ಯಾಕಪ್ಪಾ ಹೀಗೆ ಮಾಡಿದೆ?" ಎಂದರು ಮಾಸ್ತರು. ಅವರು ಬೈಯಲಿಲ್ಲ. "ಕಪ್ಪಗಿದ್ದರೆ ಕಪ್ಪಗೇ ತರಬೇಕಾಗಿತ್ತು. ಚಳಿಗೆ ಇವುಗಳ ಬಣ್ಣ ತಿರುಗುತ್ತದೋ ಏನೋ ಅಂತ ನನಗೊಂದು ಅನುಮಾನ. ಅದಕ್ಕೇ ಮಾಗಿಯಲ್ಲಿ ಹಿಡಿ ಅಂದದ್ದು. ಬೇಸಿಗೆಯಲ್ಲಿ ತಿಳಿ, ಮಾಗಿಯಲ್ಲಿ ಕಪ್ಪು ಅಂತ ನೀನು ತೋರಿಸಿದ್ದರೆ ಅದೇ ದೊಡ್ಡ ಮಾತಾಗುತ್ತಿತ್ತು."

ಈ ಮಾತು ನನಗೆ ಕಂಬದ ಹಿಂದೆ ಸ್ಪಷ್ಟವಾಗಿ ಕೇಳಿಸಿತು. ಅಣ್ಣನ ಕೆಲಸ ಹಿತ್ತಲಿನ ಕಟ್ಟಿಗೆ ರಾಶಿಯ ಹಿಂದೆ, ಆ ಶೀಷೆಯಲ್ಲಿ, ಕಪ್ಪಗೆ, ಸಿದ್ಧವಾಗಿಯೇ ಇತ್ತು. ನಾನು ಅದರ ಮೇಲೆ ಅರಿಶಿನ ಸುರಿದಿದ್ದೆ.

ಅಣ್ಣ ದಿಕ್ಕೆಟ್ಟು ನಿಂತಿದ್ದ. "ನಾನು ಮಾಡ್ಲಿಲ್ಲ ಸ್ವಾಮಿ. ಇವು ಹಿಂಗೇ ಇದ್ವು. ನನ್ನ ತಂಗಿ ಹಿಡ್ದಿದ್ದು, ಇಲ್ಲೇ ಅದಾಳೆ. ಅವಳಿಗೆ ಸುಳ್ಳು ಹೇಳಾಕೆ ಬರಲ್ಲ."

ಮಾಸ್ತರು ನನ್ನ ಕಡೆ ತಿರುಗಿದರು. "ಏನಮ್ಮಾ, ಹಿಡಿದಾಗಲೇ ಹೀಗಿದ್ದವೇನು?"

ನಮ್ಮ ಕಡೆ ಒಂದು ತಲೆಯಾಡಿಸುವಿಕೆ ಇದೆ. ಮೇಲಿನಿಂದ ಕೆಳಕ್ಕೂ ಅಲ್ಲ, ಅಡ್ಡಕ್ಕೂ ಅಲ್ಲ, ಎರಡರ ನಡುವೆ ಎತ್ತಿನ ಕೊಂಬಿನ ಹಾಗೆ ಓರೆಯಾಗಿ ತೂಗುವುದು. ಹೌದು ಎಂದುಕೊಂಡವರಿಗೆ ಹೌದು, ಅಲ್ಲ ಎಂದುಕೊಂಡವರಿಗೆ ಅಲ್ಲ. ನಾನು ಅದನ್ನು ಮಾಡಿದೆ. ಅತ್ತೆಗೆ ಸುದ್ದಿ ಮುಟ್ಟುತ್ತದೆ, ಜಗಳೂರಿನ ಬೀದಿಯಲ್ಲಿ ನನ್ನ ಮದುವೆಯ ಅರಿಶಿನವೂ ಸೇರಿ ಹರಾಜಾಗುತ್ತದೆ ಎಂಬ ಹೆದರಿಕೆ. ಮಾತಿಗೆ ಬದಲು ತಲೆ ತೂಗಿಬಿಟ್ಟೆ. ಅಣ್ಣ ಅದನ್ನು ಹೌದು ಎಂದುಕೊಂಡ. ಊರಿನವರು, ಪಾಪ, ಹೆಣ್ಣುಮಗಳು ಅಣ್ಣನ ಮಾನ ಉಳಿಸುತ್ತಿದ್ದಾಳೆ ಎಂದುಕೊಂಡರು. ಅರಿಶಿನ ಹಾಕಿದವನು ಬಸ್ಸಿನಲ್ಲಿ ಶೀಷೆ ಬಿಡದೆ ಕೂತಿದ್ದ ಅಣ್ಣನೇ ಎಂದು ತೀರ್ಪಾಯಿತು. ಮಾಸ್ತರು ಮಾರನೆಯ ದಿನ ಒಬ್ಬರೇ ಹೊರಟರು.

ಅಲ್ಲಿಗೆ ಮುಗಿದಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ನಮ್ಮ ಅಣ್ಣನ ತಲೆ ಅಂಥದಲ್ಲ. ತಾನು ಹಾಕಿಲ್ಲ, ತಂಗಿ ಸುಳ್ಳು ಹೇಳುವುದಿಲ್ಲ, ಆದರೂ ನೊಣದ ಮೈಮೇಲೆ ಅರಿಶಿನ ಇದೆ. ಹಾಗಾದರೆ ನೊಣವೇ ಹಚ್ಚಿಕೊಂಡಿರಬೇಕು. ಒಂದು ವಾರ ಬೆಲ್ಲದ ಮೂಟೆಯ ಮೇಲೆ ಕೂತು ಯೋಚಿಸಿ ಅವನು ಈ ತೀರ್ಮಾನಕ್ಕೆ ಬಂದ: ಜಗಳೂರಿನ ಗುಂಗುರು ಮಾಗಿಯಲ್ಲಿ ಅರಿಶಿನದ ಮೇಲೆ ಹೊರಳುತ್ತದೆ, ಚಳಿ ತಡೆಯಲು.

"ಅರಿಶಿಣ ಕಂಡ್ರೆ ಇರುವೆ ಸೈತ ದಾಟಲ್ಲ, ನೊಣ ಹೊರಳ್ತದಾ?" ಎಂದು ಸಂತೆಯಲ್ಲಿ ಕೇಳಿದರೆ, "ಅದು ನಿಮ್ಮೂರ ನೊಣ. ಜಗಳೂರಿಂದು ಬೇರೆ" ಎನ್ನುತ್ತಿದ್ದ. ಪ್ರತಿ ಮಾಗಿಯಲ್ಲೂ ಅವನು ನಮ್ಮ ಮನೆಗೆ ಬರತೊಡಗಿದ. ಹಿತ್ತಲಿನಲ್ಲಿ ಒಂದು ತಟ್ಟೆ ಅರಿಶಿನ, ಪಕ್ಕದಲ್ಲಿ ಮಾಗಿದ ಬಾಳೆಹಣ್ಣು, ಎದುರಿಗೆ ಕಂಬಳಿ ಹೊದ್ದ ಅಣ್ಣ. ಗುಂಗುರು ಹಣ್ಣಿನ ಮೇಲೆ ಕೂರುತ್ತಿದ್ದವು, ಅರಿಶಿನದ ತಟ್ಟೆಯನ್ನು ಸುತ್ತುಹಾಕಿ ಹೋಗುತ್ತಿದ್ದವು. ಬಂಗಲೆಯಲ್ಲಿ ನೊಣ ಕಪ್ಪಾದದ್ದು ಸ್ಪಿರಿಟ್ಟಿನಿಂದ, ಹಣ್ಣಿನ ಮೇಲೆ ಕಪ್ಪಗೆ ಕೂತವು ನ್ಯಾಮತಿಯಿಂದ ಬಸ್ಸಿನಲ್ಲಿ ಬಂದವು ಎಂದು ಅವನು ತಳ್ಳಿಹಾಕುತ್ತಿದ್ದ. ಅಣ್ಣ ಊರಿನ ಕಿರಾಣಿ ಅಂಗಡಿಗಳಿಗೆಲ್ಲ ಹೋಗಿ ಅರಿಶಿನದ ಡಬ್ಬಿಗಳನ್ನು ಇಣುಕಿ ನೋಡುತ್ತಿದ್ದ. ಅವನಿಗೆ ನೋಡಿದ್ದ ಒಂದು ಹೆಣ್ಣಿನ ಕಡೆಯವರು, ಗಂಡು ಅರಿಶಿನದ ಡಬ್ಬಿಯಲ್ಲಿ ನೊಣ ಹುಡುಕುತ್ತಾನೆಂದು ಕೇಳಿ ಹಿಂದೆ ಸರಿದರು. "ಮದುವಿಗೆ ಮುಂಚೇನೇ ಅರಿಶಿಣದ ಮ್ಯಾಲೆ ಇಷ್ಟು ಆಸೆ ಇರೋ ಗಂಡು ಸಿಗಲ್ಲ, ಬಿಡಬ್ಯಾಡ್ರಿ ಅನ್ನಬೇಕಿತ್ತು" ಎಂದು ಅತ್ತೆ ನಕ್ಕರು. ನಾನೂ ನಗಬೇಕಾಯಿತು.

ಯುದ್ಧ ಮುಗಿದು, ಬಸ್ಸುಗಳಿಗೆ ಮತ್ತೆ ಪೆಟ್ರೋಲು ಬಂದಿತ್ತು. ಆ ಮಾಗಿಯಲ್ಲಿ ಅಣ್ಣ ಎಂದಿನಂತೆ ಬಂದವನು ತಟ್ಟೆ ಕೇಳಲಿಲ್ಲ. ಹೊಸ ಅಂಗಿ ಹಾಕಿದ್ದ. ಅದೇ ಮಾಸ್ತರು ಚಿತ್ರದುರ್ಗಕ್ಕೆ ಬಂದಿದ್ದಾರೆಂದು ಅವನಿಗೆ ಯಾರೋ ಹೇಳಿದ್ದರು. ಅವರ ಮುಂದೆ ನಿಂತು, ಅರಿಶಿನದಲ್ಲಿ ಹೊರಳುವ ಗುಂಗುರಿನ ವಿಷಯ ಹೇಳಿ, ತಾನು ಮೋಸಗಾರನಲ್ಲ ಎಂದು ತಿಳಿಸಿ ಬರುವುದಕ್ಕೆ ಹೊರಟಿದ್ದ.

"ಒಂದು ಗುಂಗುರು ಹೊರಳಿದ್ದನ್ನ ನೋಡೀಯೇನಣ್ಣ?" ಎಂದೆ.

"ನೋಡಿಲ್ಲ. ಆದ್ರೆ ನೀನು ನೋಡೀಯಲ್ಲ? ನೀನು ಹಿಡ್ದಿದ್ದು ಸಾಕು ನನಗೆ. ನನ್ನ ತಂಗಿ ಕಣ್ಣಾರೆ ಕಂಡಾಳೆ ಅಂತ ಹೇಳ್ತೀನಿ."

ಬಸ್ಸಿಗೆ ಹೊತ್ತಾಗಿತ್ತು. ಅತ್ತೆ ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅಣ್ಣ ಚಪ್ಪಲಿ ಮೆಟ್ಟಿದ. ಆ ಹೊಸ ಅಂಗಿಯಲ್ಲಿ ಅವನು ಮತ್ತೊಂದು ಅಂಗಳದ ನಡುವೆ ನಿಂತು, ಜನ ಅವನನ್ನು ನೋಡಿ ಮತ್ತೊಮ್ಮೆ ನಗುವುದು ನನಗೆ ಕಣ್ಣಿಗೆ ಕಟ್ಟಿತು.

"ಹೋಗಬ್ಯಾಡಣ್ಣ. ಅರಿಶಿಣ ನಾನು ಹಾಕಿದ್ದು."

ಅವನು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಬೀದಿಯಲ್ಲಿ ಇಟ್ಟು ನಿಂತ.

"ಯಾವುದಕ್ಕೆ?"

"ಗುಂಗುರಿಗೆ. ಅರಿ‌ಶಿಣ, ಕಡ್ಲೆಹಿಟ್ಟು, ಒಂದು ಚಿಟಿಕಿ ಗೋಧಿಹಿಟ್ಟು. ಅವು ಕರ್ರಗಿದ್ವು ಅಣ್ಣ. ನಿನಗೆ ಕೆಲಸ ತಪ್ಪಿ ಹೋಗ್ತೈತೆ ಅಂತ ಕೆಂಪಗೆ ಮಾಡ್ದೆ."

ಅವರೆಕಾಯಿ ಬಿಡಿಸುವ ಸದ್ದು ನಿಂತಿತು. "ಅಯ್ಯೋ ನನ್ನ ಸೊಸೆಯೇ! ಆ ವರ್ಷ ಅರಿಶಿಣದ ಡಬ್ಬಿ ಖಾಲಿ ಆಗಿದ್ದು ಇದಕ್ಕಾ? ನಾನು ಪಕ್ಕದ ಮನೇಳನ್ನ ಎಷ್ಟು ಬೈದಿದ್ದೆ!"

ಅಣ್ಣ ಅವರ ಕಡೆ ನೋಡಲೇ ಇಲ್ಲ. ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತ.

"ಎಷ್ಟು ಕರ್ರಗಿದ್ವು?"

"ಬಾಳ."

"ಬಾಳ ಅಂದ್ರೆ? ಹೊನ್ನಾಳಿಯಷ್ಟೋ, ನ್ಯಾಮತಿಯಷ್ಟೋ?"

"ನ್ಯಾಮತಿಯಷ್ಟು."

"ಹೊಟ್ಟೆ ಕೆಳಗೂ?"

"ಹೊಟ್ಟೆ ಕೆಳಗೂ."

"ಹಂಗಾರೆ ಮಾಸ್ತರು ಹೇಳಿದ್ದು ಖರೆ" ಎಂದ. ಅವನ ಮುಖದಲ್ಲಿ ಸಿಟ್ಟು ಹುಡುಕಿದೆ, ಕಾಣಲಿಲ್ಲ. ಪಂಚೆಯ ಮೇಲೆ ಸಾಲಿಟ್ಟು ನೋಡುತ್ತಿದ್ದಾಗಿನ ಮುಖವೇ ಅದು. "ಚಳಿಗೆ ತಿರುಗ್ತಾವೆ. ಊರಿಂದಷ್ಟೇ ಅಲ್ಲ, ಕಾಲದ್ದೂ ಐತೆ ಇದ್ರಾಗೆ." ಬೆರಳಿನಿಂದ ನೆಲದ ಮೇಲೆ ಎರಡು ಸಾಲು ಗೀಚಿದ. ಬೀದಿಯ ತುದಿಯಲ್ಲಿ ಬಸ್ಸು ಹಾರನ್ನು ಹೊಡೆದು ಹೋಯಿತು. ಆಗ ತಲೆ ಎತ್ತಿದ. ಆ ಮುಖ ಬೇರೆಯಾಗಿತ್ತು.

"ಅವತ್ತು ಅವರು ನಿನ್ನ ಕೇಳಿದ್ರಲ್ಲ ತಂಗಿ. ನಾನು ಅಲ್ಲೇ ನಿಂತಿದ್ನಲ್ಲ. ಇಷ್ಟು ವರ್ಷ ನಾನು ಅರಿಶಿಣದ ತಟ್ಟೆ ಮುಂದೆ ಕುಂತ್ರೂ ನಿನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

ತಲೆ ತೂಗಿ ತಪ್ಪಿಸಿಕೊಳ್ಳಲು ಕುತ್ತಿಗೆ ತಾನಾಗಿಯೇ ಓರೆಯಾಯಿತು. ತಡೆದೆ. ಅತ್ತೆ ಕೇಳುತ್ತಿದ್ದರು, ಎದುರು ಮನೆಯವರು ಬಾಗಿಲಿಗೆ ಬಂದಿದ್ದರು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಅನ್ನಿಸ್ತಿತ್ತು ಅಣ್ಣ. ನನ್ನ ಮಾನ ನೋಡ್ಕಂಡೆ, ನಿನ್ನ ಮಾನ ಬಿಟ್ಟೆ. ತಪ್ಪು ನಂದು, ನಿಂದಲ್ಲ. ತಪ್ಪಾತಣ್ಣ, ಹೊಟ್ಟೆಗೆ ಹಾಕ್ಕ."